ಸಾಕಿದ ನಾಯಿ ಹೋದ ಮೇಲೆ: ಮೊದಲ ಗಂಟೆಯಿಂದ ಮೊದಲ ವರ್ಷದವರೆಗೆ

ಗುಂಡ ಹೋದ ಮೂರನೆಯ ದಿನ, ಬೆಳಿಗ್ಗೆ ಐದೂಮುಕ್ಕಾಲಿಗೆ, ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹಿಂದಿನ ಮೊಳೆಗೆ ಕೈಚಾಚಿದ್ದೆ. ಬೆಲ್ಟಿನ ಬಕಲ್ ತಣ್ಣಗೆ ಬೆರಳಿಗೆ ತಾಕಿದ ಮೇಲೆಯೇ ಎಚ್ಚರವಾದದ್ದು. ಅಲ್ಲಿಯವರೆಗೆ ಕೈಕಾಲುಗಳು ಹದಿಮೂರು ವರ್ಷದ ರೂಢಿಯಂತೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಅವನು ಹೋದ ಸುದ್ದಿ ತಲೆಗೆ ತಲುಪಿತ್ತು, ಕೈಗೆ ತಲುಪಿರಲಿಲ್ಲ.

ಮನೆಯಲ್ಲಿ ನಾಯಿ ಇದ್ದವರ ದಿನವನ್ನು ಹೊಲಿದಿಟ್ಟಿರುವುದು ನಾಯಿಯೇ. ಏಳುವ ಹೊತ್ತು, ಹೊರಗೆ ಹೋಗುವ ಹೊತ್ತು, ತಟ್ಟೆ ಸದ್ದು ಮಾಡುವ ಹೊತ್ತು, ಗೇಟಿನ ಬಳಿ ಯಾರೋ ಕಾಯುತ್ತಿರುವ ಹೊತ್ತು. ಆ ದಾರವನ್ನು ಎಳೆದುಬಿಟ್ಟರೆ ದಿನ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಮನಸ್ಸಿನ ಮಾತಿಗಿಂತ ಗಂಟೆಗಳ ಮಾತು ಹೆಚ್ಚು. ಮನಸ್ಸನ್ನು ಹೇಗೆ ಸಮಾಧಾನ ಮಾಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ಆರೂವರೆಯನ್ನು ಹೇಗೆ ದಾಟಬೇಕೆಂದು ಮಾತ್ರ ಗೊತ್ತು.

ಹೆಜ್ಜೆ 1: ಇನ್ನೂ ಸಮಯವಿದ್ದರೆ

ನಾಯಿ ಈಗಾಗಲೇ ಹೋಗಿದ್ದರೆ ಈ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗಿ. "ಹೀಗೂ ಮಾಡಬಹುದಿತ್ತಲ್ಲ" ಎಂಬ ಕೊರಗಿಗೆ ಇನ್ನೊಂದು ಸೌದೆ ಇಡುವುದು ಬೇಡ.

ಮುಪ್ಪಿನ ಅಥವಾ ವಾಸಿಯಾಗದ ಕಾಯಿಲೆಯ ನಾಯಿ ಇನ್ನೂ ಮನೆಯಲ್ಲಿದ್ದರೆ, ಒಂದು ಕ್ಯಾಲೆಂಡರ್ ತಂದು ಗೋಡೆಗೆ ಹಾಕಿ. ಅದಕ್ಕೆ ಒಳ್ಳೆಯ ದಿನವೋ ಕೆಟ್ಟ ದಿನವೋ ಎಂದು ಪ್ರತಿ ರಾತ್ರಿ ಒಂದು ಗುರುತು ಹಾಕುತ್ತಾ ಹೋಗಿ. ಒಳ್ಳೆಯ ದಿನ ಎಂದರೇನು ಎಂಬುದನ್ನು ಮುಂಚೆಯೇ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಆಸೆ ಕಣ್ಣಿಗೆ ಮಣ್ಣೆರಚುತ್ತದೆ. ಗುಂಡನಿಗೆ ಮೂರು ಸುಖಗಳಿದ್ದವು: ಗೇಟು ಸದ್ದಾದರೆ ಬೊಗಳುವುದು, ಬಿಸಿಲು ಸರಿದಂತೆಲ್ಲ ತಾನೂ ಸರಿದು ಮಲಗುವುದು, ನನ್ನ ಕಾಲುಚೀಲ ಕದಿಯುವುದು. ಮೂರರಲ್ಲಿ ಎರಡು ನಿಂತು ಹತ್ತು ದಿನವಾಗಿತ್ತು ಎಂದು ಹೇಳಿದ್ದು ಆ ಕ್ಯಾಲೆಂಡರ್. ನನ್ನನ್ನು ಕೇಳಿದ್ದರೆ "ನಿನ್ನೆಯಿಂದ ಸ್ವಲ್ಪ ಮಂಕಾಗಿದ್ದಾನೆ" ಎನ್ನುತ್ತಿದ್ದೆ.

ಇನ್ನೂ ಕ್ರಮವಾಗಿ ಅಳೆಯಬೇಕೆನ್ನುವವರಿಗೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ರೂಪಿಸಿದ ಅಳತೆಗೋಲು ಇದೆ. ನೋವು (ಉಸಿರಾಟದ ಕಷ್ಟವೂ ಇದರಲ್ಲೇ ಸೇರುತ್ತದೆ), ಹಸಿವು, ದೇಹದ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳು ಅಂಶಗಳಿಗೆ 0ಯಿಂದ 10ರವರೆಗೆ ಅಂಕ ಕೊಡಬೇಕು. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಲು ಅರ್ಥವಿದೆ ಎಂದು ಲೆಕ್ಕ. ಮನೆಯ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ ಆಮೇಲೆ ಹೋಲಿಸಿ ನೋಡುವುದು ಒಳ್ಳೆಯದು. ನಾಯಿಯನ್ನು ಹೆಚ್ಚು ಹಚ್ಚಿಕೊಂಡವರ ಅಂಕ ಯಾವಾಗಲೂ ಒಂದು ಕೈ ಮೇಲೇ ಇರುತ್ತದೆ.

ದಯಾಮರಣವೆಂದು ತೀರ್ಮಾನವಾದರೆ, ಏನೇನಾಗುತ್ತದೆ ಎಂದು ಮುಂಚೆಯೇ ತಿಳಿದಿರುವುದು ಕ್ಷೇಮ. ಸಾಮಾನ್ಯವಾಗಿ ಮೊದಲು ಮಂಪರು ಬರಿಸುವ ಚುಚ್ಚುಮದ್ದು ಕೊಡುತ್ತಾರೆ. ಆಮೇಲೆ ರಕ್ತನಾಳದ ಮೂಲಕ ಅರಿವಳಿಕೆ ಗುಂಪಿನ ಔಷಧಿಯನ್ನು, ಹೆಚ್ಚಾಗಿ ಪೆಂಟೊಬಾರ್ಬಿಟಾಲನ್ನು, ಮಿತಿಮೀರಿದ ಪ್ರಮಾಣದಲ್ಲಿ ಕೊಡುತ್ತಾರೆ. ಕೆಲವು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಲವು ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಆಮೇಲೂ ಒಂದೆರಡು ಬಾರಿ ಉಸಿರೆಳೆದಂತೆ ಎದೆ ಅಲುಗಬಹುದು, ಸ್ನಾಯು ಅದುರಬಹುದು, ಮೂತ್ರ ಹೋಗಬಹುದು. ಕಣ್ಣು ತೆರೆದೇ ಇರುತ್ತದೆ. ಇವು ನೋವಿನ ಲಕ್ಷಣಗಳಲ್ಲ, ಆ ಹೊತ್ತಿಗೆ ನಾಯಿಗೆ ಪ್ರಜ್ಞೆ ಇರುವುದಿಲ್ಲ. ಇದನ್ನು ಮೊದಲೇ ಯಾರೂ ಹೇಳದಿದ್ದರೆ ಆ ಅದುರು ವರ್ಷಗಟ್ಟಲೆ ಕಣ್ಣಮುಂದೆ ಬರುತ್ತದೆ. ನೀವು ಜೊತೆಯಲ್ಲಿರಬೇಕೋ ಬೇಡವೋ ಎಂಬುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಮಂಪರು ಬರುವವರೆಗಾದರೂ ತಲೆಯ ಮೇಲೆ ಕೈ ಇಟ್ಟುಕೊಂಡಿರಿ ಎಂದಷ್ಟೇ ಹೇಳುತ್ತೇನೆ. ಆಮೇಲೆ ನೀವು ಎದ್ದುಹೋದರೂ ಅದಕ್ಕೆ ತಿಳಿಯುವುದಿಲ್ಲ. ಬಿಲ್ಲು, ಸಹಿ ಇತ್ಯಾದಿಗಳನ್ನು ಮೊದಲೇ ಮುಗಿಸಿಬಿಡಿ. ಅಳುತ್ತಾ ಕೌಂಟರಿನ ಮುಂದೆ ನಿಲ್ಲುವ ಪ್ರಸಂಗ ಬೇಡ.

ಹೆಜ್ಜೆ 2: ಮೊದಲ ಕೆಲವು ಗಂಟೆಗಳು

ಮನೆಯಲ್ಲೇ, ತಾನಾಗಿ ಹೋಗಿದ್ದರೆ ಮೊದಲು ಖಚಿತಪಡಿಸಿಕೊಳ್ಳಿ. ಎಡ ಮುಂಗಾಲಿನ ಮೊಣಕೈ ಎದೆಗೆ ತಾಗುವ ಜಾಗದಲ್ಲಿ ಅಂಗೈ ಇಟ್ಟು ಹೃದಯದ ಬಡಿತ ಸಿಗುತ್ತದೆಯೇ ನೋಡಿ. ಬಡಿತವೂ ಉಸಿರೂ ಇಲ್ಲದೆ, ಕಣ್ಣುಗುಡ್ಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರೂ ರೆಪ್ಪೆ ಮಿಟುಕದಿದ್ದರೆ ಜೀವವಿಲ್ಲವೆಂದು ತಿಳಿಯಬಹುದು. ಅನುಮಾನವಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ, ಸಂಕೋಚಪಡಬೇಡಿ.

ದೇಹ ಕೆಲವೇ ಗಂಟೆಗಳಲ್ಲಿ ಬಿಗಿಯತೊಡಗುತ್ತದೆ; ಆ ಬಿಗಿತ ಸಡಿಲಾಗಲು ಒಂದೆರಡು ದಿನ ಬೇಕು. ಆದ್ದರಿಂದ ತಡಮಾಡದೆ, ಅದು ಮಲಗುತ್ತಿದ್ದ ಹಾಗೆಯೇ ಕಾಲುಗಳನ್ನು ಒಳಕ್ಕೆ ಮಡಚಿ, ತಲೆಯನ್ನು ಮುಂಗಾಲಿನ ಮೇಲಿಟ್ಟು, ಕಣ್ಣು ಮುಚ್ಚಿಸಿ. ರೆಪ್ಪೆ ಮತ್ತೆ ಅರ್ಧ ತೆರೆದುಕೊಂಡರೆ ಗಾಬರಿಯಾಗಬೇಡಿ. ದೇಹದಿಂದ ದ್ರವ ಒಸರಬಹುದು, ಅಡಿಯಲ್ಲಿ ಹಳೆಯ ಟವೆಲ್ ಹಾಸಿರಲಿ. ತಂಪಾದ, ಬಿಸಿಲು ಬೀಳದ ಕೋಣೆಯಲ್ಲಿಡಿ. ಸೆಖೆಯಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ಚೀಲಗಳನ್ನು ಹೊಟ್ಟೆಯ ಬಳಿ ಇಟ್ಟು ಅದೇ ದಿನ ಮುಂದಿನ ಕೆಲಸ ಮುಗಿಸುವುದು ಉತ್ತಮ.

ಒಂದು ಎಚ್ಚರಿಕೆ. ರೇಬೀಸ್ ಇದ್ದಿರಬಹುದೆಂಬ ಅನುಮಾನ ಒಂದಿಷ್ಟಿದ್ದರೂ ಬರಿಗೈಯಲ್ಲಿ ಮುಟ್ಟಬೇಡಿ, ಯಾರಿಗೂ ಮುಟ್ಟಲು ಬಿಡಬೇಡಿ, ಪಶುವೈದ್ಯರಿಗೆ ತಿಳಿಸಿ. ಅದು ಯಾರಿಗಾದರೂ ಕಚ್ಚಿದ್ದರೆ, ಅಥವಾ ಅದರ ಜೊಲ್ಲು ಯಾರ ಗಾಯಕ್ಕಾದರೂ ತಾಗಿದ್ದರೆ, ಅವರು ಆಸ್ಪತ್ರೆಗೆ ಹೋಗಬೇಕಾದದ್ದು ಅಂದೇ. ಇಲಿಜ್ವರದಿಂದ, ಅಂದರೆ ಲೆಪ್ಟೊಸ್ಪೈರಾ ಸೋಂಕಿನಿಂದ ಸತ್ತಿದ್ದರೆ ಅದರ ಮೂತ್ರ ತಾಗಿದ ಜಾಗವನ್ನು ಕೈಗವಸು ಹಾಕಿಕೊಂಡು ತೊಳೆಯಿರಿ, ಆ ಸೋಂಕು ಮನುಷ್ಯರಿಗೂ ಹರಡುತ್ತದೆ.

ದೇಹ ಮನೆಯಿಂದ ಹೊರಡುವ ಮುಂಚೆ ಒಂದು ಹಿಡಿ ಕೂದಲು ಕತ್ತರಿಸಿಟ್ಟುಕೊಳ್ಳಿ. ಕಿವಿಯ ಹಿಂದಿನದು, ಎಲ್ಲಕ್ಕಿಂತ ಮೆತ್ತಗಿರುವುದು. ಪಾದದ ಗುರುತು ಬೇಕಿದ್ದರೆ ಮುಂಗಾಲಿಗೆ ಸ್ಟಾಂಪ್ ಪ್ಯಾಡಿನ ಶಾಯಿ ಒತ್ತಿ, ದಪ್ಪ ಕಾಗದದ ಮೇಲೆ ಒಂದೇ ಸಲ ಒತ್ತಿ ಎತ್ತಿ. ನಮ್ಮ ಮನೆಯಲ್ಲಿ ಮೊದಲ ನಾಲ್ಕು ಕಾಗದ ಹಾಳಾದವು, ಐದನೆಯದು ಪುಸ್ತಕದ ನಡುವೆ ಇದೆ. ಇದೆಲ್ಲ ಬೇಡವೆನ್ನುವವರಿಗೆ ಬೇಡ. ಆದರೆ ಅವತ್ತು ಬೇಡವೆಂದವರಲ್ಲಿ ಅನೇಕರು ಆರು ತಿಂಗಳ ಮೇಲೆ ಹಳೆಯ ಬಾಚಣಿಗೆಯಲ್ಲಿ ಕೂದಲು ಹುಡುಕುವುದನ್ನು ಕಂಡಿದ್ದೇನೆ. ಕತ್ತರಿಸಿಡಿ, ಬೇಡವೆನಿಸಿದರೆ ಆಮೇಲೆ ಬಿಡಬಹುದು.

ಹೆಜ್ಜೆ 3: ಮಣ್ಣೋ ಬೆಂಕಿಯೋ

ಮಣ್ಣು ಮಾಡುವುದಾದರೆ ಸ್ವಂತ ಜಾಗ ಬೇಕು, ಅಲ್ಲಿಯ ಸ್ಥಳೀಯ ಆಡಳಿತದ ನಿಯಮವೂ ಅದಕ್ಕೆ ಒಪ್ಪಬೇಕು. ಬಾವಿ, ಕೆರೆ, ತೊರೆಗಳಿಂದ ದೂರ ಇರಲಿ. ದೇಹದ ಮೇಲೆ ಕನಿಷ್ಠ ಮೂರು ಅಡಿ ಮಣ್ಣು ಬೀಳುವಷ್ಟು ಆಳ ತೋಡಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ದೇಹ ಬೇಗ ಮಣ್ಣಾಗುವುದಿಲ್ಲ, ಹತ್ತಿಯ ಬಟ್ಟೆ ಸಾಕು. ದಯಾಮರಣದ ಔಷಧಿ ಪಡೆದ ದೇಹವಾದರೆ ಈ ಆಳ ಇನ್ನೂ ಮುಖ್ಯ. ಪೆಂಟೊಬಾರ್ಬಿಟಾಲ್ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ; ಅಗೆದು ತಿಂದ ಪ್ರಾಣಿಪಕ್ಷಿಗಳು ಅದರಿಂದ ಸತ್ತ ಉದಾಹರಣೆಗಳಿವೆ.

ದಹನವಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಒಂಟಿಯಾಗಿಯೋ, ಬೇರೆ ಪ್ರಾಣಿಗಳ ಜೊತೆಗೋ? ಬೂದಿ ಬೇಕಿದ್ದರೆ ಒಂಟಿಯಾಗಿ ಎಂದು ಸ್ಪಷ್ಟವಾಗಿ ಹೇಳಿ, ಬರೆಸಿಕೊಳ್ಳಿ. ಕೈಗೆ ಬರುವ ಬೂದಿ ನಿಜದಲ್ಲಿ ಪುಡಿಮಾಡಿದ ಮೂಳೆ. ಮರಳಿನಂತೆ ತರಿತರಿಯಾಗಿರುತ್ತದೆ, ಒಲೆಯ ಬೂದಿಯ ಹಾಗಲ್ಲ. ಆ ಡಬ್ಬವನ್ನು ತಕ್ಷಣ ಏನಾದರೂ ಮಾಡಲೇಬೇಕೆಂದಿಲ್ಲ. ಕಪಾಟಿನಲ್ಲಿ ಒಂದು ವರ್ಷ ಇದ್ದರೂ ಅದು ಯಾರಿಗೂ ಏನೂ ಅನ್ನುವುದಿಲ್ಲ.

ಹೆಜ್ಜೆ 4: ಗಂಟೆಗಳ ಪಟ್ಟಿ

ಬೇರೆಲ್ಲ ಹೆಜ್ಜೆಗಳನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ.

ಒಂದು ಹಾಳೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾಯಿ ನಿಮ್ಮ ಕೈ ಹಿಡಿದೆಳೆಯುತ್ತಿದ್ದ ಹೊತ್ತುಗಳನ್ನೆಲ್ಲ ಬರೆಯಿರಿ. ನನ್ನ ಪಟ್ಟಿಯಲ್ಲಿ ಹನ್ನೊಂದು ಇದ್ದವು. ಐದೂಮುಕ್ಕಾಲಿನ ನಡಿಗೆ. ಏಳಕ್ಕೆ ತಟ್ಟೆ. ಕೆಲಸಕ್ಕೆ ಹೊರಡುವಾಗ "ಬೇಗ ಬರ್ತೀನಿ" ಎಂಬ ಸುಳ್ಳು. ಸಂಜೆ ಬೀಗದ ಕೈ ತಿರುಗಿಸುವ ಸದ್ದಿಗೆ ಒಳಗಿನಿಂದ ಕೇಳುವ ಉಗುರಿನ ಸದ್ದು. ರಾತ್ರಿ ಊಟದ ಕೊನೆಯ ತುತ್ತು, ಅದು ಎಂದೂ ನನ್ನ ಬಾಯಿಗೆ ಬಂದದ್ದೇ ಇಲ್ಲ. ಮಲಗುವಾಗ ಪಾದದ ಮೇಲಿನ ಭಾರ. ಹೀಗೆ.

ಬರೆದ ಮೇಲೆ ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಉಳಿಸಿಕೊಳ್ಳುವುದು, ಬದಲಿಸುವುದು, ಸದ್ಯಕ್ಕೆ ತಪ್ಪಿಸಿಕೊಳ್ಳುವುದು. ಎಲ್ಲವನ್ನೂ ಉಳಿಸಿಕೊಂಡರೆ ಮನೆ ವಸ್ತುಸಂಗ್ರಹಾಲಯವಾಗುತ್ತದೆ. ಎಲ್ಲವನ್ನೂ ಬದಲಿಸಿದರೆ ಮೈಗೆ ದಿಕ್ಕು ತಪ್ಪುತ್ತದೆ.

ಬೆಳಗಿನ ನಡಿಗೆಯನ್ನು ಉಳಿಸಿಕೊಳ್ಳಿ. ನಾಯಿ ಹೋದ ಮನೆಯಲ್ಲಿ ಮೊದಲು ನಿಲ್ಲುವುದು ಇದೇ, ಜೊತೆಗೇ ಹಾಳಾಗುವುದು ನಿದ್ದೆ. ಬೆಳಗಿನ ಬೆಳಕು ದೇಹದ ಒಳಗಿನ ಗಡಿಯಾರವನ್ನು ಸರಿಯಿಡುತ್ತದೆ. ಇಷ್ಟು ವರ್ಷ ಆ ಬೆಳಕಿಗೆ ನಿಮ್ಮನ್ನು ಎಳೆದೊಯ್ಯುತ್ತಿದ್ದದ್ದು ನಾಯಿ. ಹೊತ್ತು ಅದೇ ಇರಲಿ, ದಾರಿ ಬೇರೆಯಾಗಲಿ. ಎರಡು ವಾರ ಬಿಟ್ಟು, ಯಾರನ್ನಾದರೂ ಜೊತೆಗೆ ಕರೆದುಕೊಂಡು, ಹಳೆಯ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಪ್ರತಿ ಕಂಬದ ಬಳಿಯೂ ಕಾಲು ತಾನಾಗಿ ನಿಧಾನವಾಗುತ್ತದೆ. ಮೂರು ತಿಂಗಳಾದರೂ ನಾನು ಒಂದು ನಿರ್ದಿಷ್ಟ ಕಲ್ಲಿನ ಮುಂದೆ ನಿಂತು ಕಾಯುತ್ತಿದ್ದೆ, ಯಾರೋ ಮೂಸಿ ಮುಗಿಸಲಿ ಎಂಬಂತೆ.

ಬಾಗಿಲು ತೆರೆಯುವ ಗಳಿಗೆಯನ್ನು ಬದಲಿಸಬೇಕು. ಇಡೀ ದಿನದಲ್ಲಿ ಅತಿ ಕೆಟ್ಟದ್ದು ಅದು. ನಾನು ಮಾಡಿದ್ದು ಇಷ್ಟು: ಹೊರಡುವಾಗ ರೇಡಿಯೊ ಹಚ್ಚಿಟ್ಟು ಹೋಗುತ್ತಿದ್ದೆ, ಒಳಗೆ ಬಂದ ತಕ್ಷಣ ಕೈಗೆ ಒಂದು ಕೆಲಸ ಸಿಗುವಂತೆ ಹೊಸ್ತಿಲ ಪಕ್ಕದಲ್ಲೇ ಕುಂಡ ಮತ್ತು ನೀರಿನ ತಂಬಿಗೆ ಇಟ್ಟಿದ್ದೆ. ಬೀಗ, ಚಪ್ಪಲಿ, ತಂಬಿಗೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿದ್ದು ಸಡಿಲವಾಗಿರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಗಿಡಕ್ಕೆ ನೀರು ಹೆಚ್ಚಾಗಿ ಅದೂ ಸತ್ತಿತು. ಎರಡನೆಯ ಗಿಡ ಬದುಕಿದೆ.

ಊಟದ ತಟ್ಟೆಯ ಹೊತ್ತನ್ನು ಸದ್ಯಕ್ಕೆ ತಪ್ಪಿಸಿಕೊಳ್ಳಬಹುದು. ಆ ಹೊತ್ತಿಗೆ ಸ್ನಾನಕ್ಕೆ ಹೋಗಿ, ಫೋನಿನಲ್ಲಿ ಯಾರೊಂದಿಗಾದರೂ ಮಾತನಾಡಿ, ಅಡುಗೆಮನೆಯಿಂದ ಹೊರಗಿದ್ದರೆ ಸಾಕು. ಕೊನೆಯ ತುತ್ತನ್ನು ಏನು ಮಾಡಬೇಕೆಂದು ನನ್ನನ್ನು ಕೇಳಬೇಡಿ.

ರಾತ್ರಿ ಪಾದದ ಬಳಿ ಭಾರವಾದ ದಿಂಬು ಇಟ್ಟುಕೊಳ್ಳಿ. ಕೇಳಿದವರಿಗೆ ನಗು ಬರಬಹುದು, ನಿದ್ದೆ ಬಂದರೆ ಆಯಿತು. ನೆಲದ ಮೇಲೆ ಉಗುರು ತಾಗಿದ ಸದ್ದು ಕೇಳಿಸಿತೆಂದೋ, ಬಾಗಿಲ ಸಂದಿಯಲ್ಲಿ ಮೂತಿ ಕಂಡಂತಾಯಿತೆಂದೋ ಬೆಚ್ಚಬೇಡಿ. ವರ್ಷಗಟ್ಟಲೆ ಒಂದೇ ಸದ್ದನ್ನು ನಿರೀಕ್ಷಿಸಿದ ಮೆದುಳು ಸಣ್ಣ ಸಪ್ಪಳವನ್ನೂ ಅದೇ ಎಂದು ಓದುತ್ತದೆ. ಹತ್ತಿರದವರನ್ನು ಕಳೆದುಕೊಂಡವರಲ್ಲಿ ಇದು ತೀರಾ ಸಾಮಾನ್ಯ, ತಲೆ ಕೆಟ್ಟಿದೆ ಎಂದು ಅರ್ಥವಲ್ಲ.

ಹೆಜ್ಜೆ 5: ಸಾಮಾನು ಮತ್ತು ಕಾಗದಪತ್ರ

ಕೆಲವನ್ನು ಮೊದಲ ವಾರದಲ್ಲೇ ಮುಗಿಸಿ. ಮೈಕ್ರೋಚಿಪ್ ನೋಂದಣಿ, ಪರವಾನಗಿ, ವಿಮೆ ಇದ್ದರೆ ಅವುಗಳಿಗೆ ತಿಳಿಸಬೇಕು. ಲಸಿಕೆಯ ನೆನಪೋಲೆ ಕಳುಹಿಸುವ ಚಿಕಿತ್ಸಾಲಯಕ್ಕೂ ಹೇಳಿ. ನಾಲ್ಕು ತಿಂಗಳ ಮೇಲೆ ಒಂದು ಸಂದೇಶ ಬಂದು, "ಗುಂಡನಿಗೆ ಈ ವಾರ ಚುಚ್ಚುಮದ್ದು" ಎಂದು ಓದಿ ನಾನು ಬಸ್ಸಿನಲ್ಲಿ ಮುಖ ಮುಚ್ಚಿಕೊಳ್ಳಬೇಕಾಯಿತು. ಆಹಾರದ ಚೀಲ ತಿಂಗಳು ತಿಂಗಳು ತಾನಾಗಿ ಬರುವ ವ್ಯವಸ್ಥೆಯಿದ್ದರೆ ಅದನ್ನೂ ನಿಲ್ಲಿಸಿ.

ಉಳಿದ ಔಷಧಿಗಳನ್ನು ಶೌಚಾಲಯಕ್ಕೆ ಸುರಿಯಬೇಡಿ, ಮನೆಯ ಔಷಧಿ ಡಬ್ಬದಲ್ಲಿ ಬೆರೆಸಿ ಇಡಲೂಬೇಡಿ. ಸೂಜಿ, ಇನ್ಸುಲಿನ್, ಮೂರ್ಛೆಯ ಮಾತ್ರೆ ಇಂಥವನ್ನು ಪಶುವೈದ್ಯರಿಗೆ ಒಪ್ಪಿಸಿ. ಒಡೆಯದ ಆಹಾರದ ಚೀಲಗಳನ್ನು ಪ್ರಾಣಿಗಳ ಆಶ್ರಯತಾಣಗಳು ಸಂತೋಷದಿಂದ ತೆಗೆದುಕೊಳ್ಳುತ್ತವೆ.

ಬೆಲ್ಟು, ಹಾಸಿಗೆ, ಕಚ್ಚಿ ಹರಿದ ಚೆಂಡು, ಇವಕ್ಕೆ ಅವಸರವಿಲ್ಲ. ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ ಕಣ್ಣಿಗೆ ಕಾಣದ ಕಡೆ ಇಡಿ, ಮುಚ್ಚಳದ ಮೇಲೆ ಆರು ತಿಂಗಳ ಮುಂದಿನ ತಾರೀಖು ಬರೆಯಿರಿ. ಹಾಸಿಗೆಯ ಹೊದಿಕೆಯನ್ನು ಮಾತ್ರ ಯಾರಾದರೂ ಒಳ್ಳೆಯ ಮನಸ್ಸಿನಿಂದ ತೊಳೆದುಬಿಡುವ ಮುಂಚೆ ಎತ್ತಿಡಿ. ವಾಸನೆಯನ್ನು ಮರಳಿ ಪಡೆಯುವ ಉಪಾಯ ಯಾವುದೂ ಇಲ್ಲ. ಫೋಟೊ, ವಿಡಿಯೊಗಳ ಇನ್ನೊಂದು ಪ್ರತಿಯನ್ನು ಮೊಬೈಲ್‌ನ ಹೊರಗೆ ಇಟ್ಟುಕೊಳ್ಳಿ. ನೋಡುವುದು ಯಾವಾಗಲಾದರೂ ಆಗಲಿ.

ಹೆಜ್ಜೆ 6: "ಇನ್ನೂ ಬೇಗ ಕರೆದೊಯ್ಯಬೇಕಿತ್ತು"

ನಾಯಿ ಹೋದವರಲ್ಲಿ ದುಃಖಕ್ಕಿಂತ ಮೊದಲು ಮಾತನಾಡುವುದು ತಪ್ಪಿತಸ್ಥ ಭಾವ. ಮನುಷ್ಯರಾದರೆ ಚಿಕಿತ್ಸೆಯನ್ನು ತಾವೇ ಒಪ್ಪಿರುತ್ತಾರೆ, ಬೇಡವೆಂದಿರುತ್ತಾರೆ. ಮೂಕಪ್ರಾಣಿಯ ಬಾಬತ್ತಿನಲ್ಲಿ ಪ್ರತಿಯೊಂದು ತೀರ್ಮಾನವೂ ನಿಮ್ಮದೇ. ಬೇಗ ಕಳುಹಿಸಿದವರು ಬೇಗವಾಯಿತೆಂದು ಕೊರಗುತ್ತಾರೆ, ಕಾದವರು ತಡವಾಯಿತೆಂದು. ಎರಡೂ ಕಡೆಯವರ ಮಾತು ಕೇಳಿದ ಮೇಲೆ, ಸರಿಯಾದ ದಿನ ಎಂಬುದೊಂದು ಇರಲೇ ಇಲ್ಲವೇನೋ ಎಂದು ನನಗೆ ಅನಿಸಿದೆ.

ಒಂದು ಉಪಾಯ ಕೆಲಸ ಮಾಡುತ್ತದೆ. ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಗಡೆ "ಆ ದಿನ ನನಗೆ ಗೊತ್ತಿದ್ದದ್ದು", ಬಲಗಡೆ "ಆಮೇಲೆ ಗೊತ್ತಾದದ್ದು". ನಿಮ್ಮನ್ನು ಚುಚ್ಚುವ ಪ್ರತಿಯೊಂದನ್ನೂ ಎರಡರಲ್ಲಿ ಒಂದು ಕಡೆ ಬರೆಯಿರಿ. ಗುಂಡ ನೀರು ಹೆಚ್ಚು ಕುಡಿಯುತ್ತಿದ್ದ, ಅದು ಎಡಗಡೆ. ನಾಯಿಯಲ್ಲಿ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ರಕ್ತಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುವ ಹೊತ್ತಿಗೆ ಆ ಅಂಗದ ಹೆಚ್ಚಿನ ಪಾಲು ಕೆಲಸ ನಿಲ್ಲಿಸಿರುತ್ತದೆ, ಇದು ಬಲಗಡೆ. ನನ್ನ ಹಾಳೆಯ ಬಲಗಡೆ ತುಂಬಿತು. ಎಡಗಡೆ ಎರಡೇ ಸಾಲು ಉಳಿದವು, ಆ ಎರಡು ನಿಜವಾಗಿಯೂ ನನ್ನವೇ. ಅವನ್ನು ಹೊತ್ತುಕೊಂಡು ತಿರುಗಬಹುದು, ಅಷ್ಟು ಭಾರವಿಲ್ಲ.

ದುಃಖಕ್ಕೆ ಐದು ಹಂತಗಳಿವೆ, ಒಂದಾದ ಮೇಲೊಂದು ಬರುತ್ತವೆ ಎಂದು ಯಾರಾದರೂ ಹೇಳಿದರೆ ಗಲಿಬಿಲಿಯಾಗಬೇಡಿ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ತಮ್ಮ ಸಾವನ್ನೇ ಎದುರು ನೋಡುತ್ತಿದ್ದ ರೋಗಿಗಳ ಜೊತೆ ಮಾತನಾಡಿ. ನಿಮ್ಮ ದುಃಖ ಆ ಮೆಟ್ಟಿಲುಗಳನ್ನು ಹತ್ತದಿದ್ದರೆ ಅದರಲ್ಲಿ ಏನೂ ಕೊರತೆಯಿಲ್ಲ.

ಹೆಜ್ಜೆ 7: ಜನರಿಗೆ ಹೇಳುವುದು

ನಮ್ಮ ಭಾಷೆಯೇ ಇಲ್ಲಿ ಕೈಕೊಡುತ್ತದೆ. "ಸತ್ತುಹೋಯಿತು" ಎನ್ನಲು ನಾಲಗೆ ಏಳುವುದಿಲ್ಲ, "ತೀರಿಕೊಂಡ" ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ನಾಯಿಪಾಡು, ನಾಯಿಬುದ್ಧಿ ಎಂದು ಬೈಗುಳಕ್ಕೆ ಧಾರಾಳವಾಗಿ ಬಳಸಿದ ಪ್ರಾಣಿಗೆ ಗೌರವದ ಕ್ರಿಯಾಪದವೊಂದನ್ನು ನಾವು ಇಟ್ಟುಕೊಂಡಿಲ್ಲ. ನಾನು "ಹೋದ" ಎನ್ನುತ್ತೇನೆ. ಅದರಲ್ಲಿ ಎಲ್ಲವೂ ಬರುತ್ತದೆ.

ದಾರಿಯಲ್ಲಿ ಸಿಗುವವರಿಗೆಂದು ಒಂದು ಸಾಲು ಸಿದ್ಧವಾಗಿಟ್ಟುಕೊಳ್ಳಿ: "ಹೋದ ವಾರ ಹೋದ, ವಯಸ್ಸಾಗಿತ್ತು. ಇನ್ನೊಮ್ಮೆ ಹೇಳುತ್ತೇನೆ." ಇಷ್ಟು ಹೇಳಿ ನಡೆಯಿರಿ. ನಡಿಗೆಯಲ್ಲಿ ಪರಿಚಯವಾದ ಹಲವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ, ನಾಯಿಯ ಹೆಸರಷ್ಟೇ ಗೊತ್ತಿರುತ್ತದೆ. "ಗುಂಡನ ಅಪ್ಪ" ಎಂದು ನನ್ನನ್ನು ಕರೆಯುತ್ತಿದ್ದವರು ಮೂವರು. ಅವರೂ ತಪ್ಪಿಹೋಗುವ ಮುಂಚೆ ಹೆಸರು ಕೇಳಿ, ನಂಬರು ತೆಗೆದುಕೊಳ್ಳಿ. ನಾಯಿ ಗಳಿಸಿಕೊಟ್ಟ ಗೆಳೆತನವನ್ನು ನಾಯಿಯ ಜೊತೆಗೇ ಹೂಳಬೇಕಿಲ್ಲ.

"ನಾಯಿ ತಾನೆ, ಇನ್ನೊಂದು ತಂದರಾಯಿತು" ಎನ್ನುವವರು ಸಿಗದೆ ಇರುವುದಿಲ್ಲ. ಊರು ಒಪ್ಪದ ಇಂಥ ದುಃಖವನ್ನು ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ವಿವರವಾಗಿ ಚರ್ಚಿಸಿದರು. ಅದನ್ನು ಹಕ್ಕು ಸಿಗದ ದುಃಖ ಎನ್ನಬಹುದು: ರಜೆಯಿಲ್ಲ, ಮಾತನಾಡಿಸಲು ಬರುವವರಿಲ್ಲ, ಅತ್ತರೆ ನಾಚಿಕೆ. ವಾದಕ್ಕೆ ಇಳಿಯಬೇಡಿ. ನಿಮಗೇ ಅನುಮಾನ ಬಂದರೆ ಇದೊಂದನ್ನು ನೆನಪಿಟ್ಟುಕೊಳ್ಳಿ. 1914ರಲ್ಲಿ ಜರ್ಮನಿಯ ಬಾನ್ ಬಳಿಯ ಓಬರ್‌ಕಾಸೆಲ್‌ನಲ್ಲಿ ಕಲ್ಲು ಒಡೆಯುತ್ತಿದ್ದವರಿಗೆ ಸುಮಾರು 14,000 ವರ್ಷ ಹಿಂದಿನ ಒಂದು ಗೋರಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿಯ ಮೂಳೆಗಳು. ಹಲ್ಲುಗಳನ್ನು ಪರೀಕ್ಷಿಸಿದವರು ಹೇಳುವ ಪ್ರಕಾರ ಅದು ಸುಮಾರು ಏಳು ತಿಂಗಳ ಮರಿ, ಡಿಸ್ಟೆಂಪರ್ ರೋಗ ಬಂದಿತ್ತು, ಯಾರೋ ಮೈ ಒರೆಸಿ ನೀರು ಕುಡಿಸಿ ನೋಡಿಕೊಳ್ಳದಿದ್ದರೆ ಅಷ್ಟು ವಾರ ಬದುಕುತ್ತಿರಲಿಲ್ಲ. ಬೇಟೆಗೆ ಬಾರದ, ಯಾವ ಉಪಯೋಗಕ್ಕೂ ಇಲ್ಲದ ಮರಿ.

ಮಕ್ಕಳಿದ್ದರೆ "ಸತ್ತಿದೆ" ಎಂಬ ಪದವನ್ನೇ ಬಳಸಿ. "ಮಲಗಿದೆ" ಎಂದರೆ ಮಗು ಆ ರಾತ್ರಿ ತಾನು ಮಲಗಲು ಹೆದರುತ್ತದೆ; "ಎಲ್ಲೋ ಹೋಗಿದೆ" ಎಂದರೆ ಗೇಟಿನ ಬಳಿ ಕಾಯುತ್ತದೆ. ಐದಾರು ವರ್ಷದೊಳಗಿನವರಿಗೆ ಸಾವು ಮರಳಿ ಬಾರದ್ದು ಎಂಬುದು ಸರಿಯಾಗಿ ತಿಳಿದಿರುವುದಿಲ್ಲ, ಹೀಗಾಗಿ ನಾಳೆ ಮತ್ತೆ ಕೇಳುತ್ತಾರೆ, ನಾಡಿದ್ದೂ ಕೇಳುತ್ತಾರೆ. ಅದೇ ಉತ್ತರ, ಅದೇ ಪದಗಳಲ್ಲಿ. "ನಾನು ಅವತ್ತು ಹೊಡೆದಿದ್ದೆ, ಅದಕ್ಕೇನಾ?" ಎಂಬ ಪ್ರಶ್ನೆ ಬಾಯಿಗೆ ಬಾರದೆ ಒಳಗೇ ಕುಳಿತಿರಬಹುದು, ನೀವಾಗಿ "ಇದು ಯಾರ ತಪ್ಪೂ ಅಲ್ಲ, ಕಾಯಿಲೆ" ಎಂದು ಹೇಳಿಬಿಡಿ. ಅವರೆದುರು ಅತ್ತರೆ ತಪ್ಪಿಲ್ಲ.

ಹೆಜ್ಜೆ 8: ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ

ಇಟಲಿಯಲ್ಲಿ ಕನಿಷ್ಠ ಎರಡು ನಾಯಿ ಸಾಕಿ ಅವುಗಳಲ್ಲಿ ಒಂದನ್ನು ಕಳೆದುಕೊಂಡ 426 ಮಂದಿಯನ್ನು ಪ್ರಶ್ನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 86ರಷ್ಟು ಜನ ಉಳಿದ ನಾಯಿಯ ವರ್ತನೆ ಬದಲಾಯಿತೆಂದರು. ಆಟ ಕಡಿಮೆ, ಊಟ ಕಡಿಮೆ, ನಿದ್ದೆ ಹೆಚ್ಚು, ಸದಾ ಮೈಗೆ ಅಂಟಿಕೊಂಡಿರುವುದು. ಹೇಳಿದವರೂ ದುಃಖದಲ್ಲಿದ್ದವರೇ ಎಂಬುದನ್ನು ಮರೆಯಬಾರದು, ಆದರೂ ಎರಡು ನಾಯಿ ಸಾಕಿದವರಿಗೆ ಇದು ಹೊಸ ವಿಷಯವೇನೂ ಅಲ್ಲ. ಅದರ ಊಟ, ನಡಿಗೆ, ಮಲಗುವ ಜಾಗವನ್ನು ಹಾಗೆಯೇ ಇಡಿ. ಎರಡು ದಿನ ಏನೂ ತಿನ್ನದಿದ್ದರೆ ದುಃಖವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ; ಒಂದಕ್ಕೆ ಬಂದ ಸೋಂಕು ಇನ್ನೊಂದಕ್ಕೂ ಬಂದಿರಬಹುದು. ಅದರ ನೆಪದಲ್ಲಿ ನಿಮ್ಮ ಬೆಳಗಿನ ನಡಿಗೆಯೂ ಉಳಿಯುತ್ತದೆ, ಅದು ನಿಮ್ಮ ಭಾಗ್ಯ.

ಹೆಜ್ಜೆ 9: ಬಿಡುವನ್ನು ಏನು ಮಾಡುವುದು

ದಿನಕ್ಕೆ ಸುಮಾರು ಎರಡು ಗಂಟೆ ಕೈಯಲ್ಲಿ ಉಳಿಯುತ್ತದೆ. "ಈಗ ಆರಾಮಾಗಿ ಎಲ್ಲಿಗೆ ಬೇಕಾದರೂ ಹೋಗಬಹುದಲ್ಲ" ಎಂದು ಸಂಬಂಧಿಕರು ಸಂತೋಷಪಡುತ್ತಾರೆ. ಆ ಎರಡು ಗಂಟೆಯನ್ನು ಮೊಬೈಲ್‌ಗೆ ಕೊಟ್ಟರೆ ಅದು ಮೂರಾಗಿ ಬೆಳೆದು ಮನಸ್ಸು ಇನ್ನಷ್ಟು ಕೆಡುತ್ತದೆ, ಇದು ಸ್ವಂತ ಅನುಭವ.

ಹೊಸ ಹವ್ಯಾಸ ಆರಿಸುವಾಗ ನಾಯಿಯ ಜೊತೆ ಕಳೆದ ಹೊತ್ತಿನ ಗುಣ ಯಾವುದಿತ್ತೆಂದು ನೋಡಿ. ಮೈ ದಣಿಯುತ್ತಿತ್ತೇ? ಈಜು, ಸೈಕಲ್, ತೋಟದ ಕೆಲಸ. ಕೈಗೆ ಮೆತ್ತನೆಯದೊಂದು ಸಿಗುತ್ತಿತ್ತೇ? ಹೆಣಿಗೆ, ಜೇಡಿಮಣ್ಣು. ಇನ್ನೊಂದು ಜೀವ ನಿಮ್ಮನ್ನು ಕಾಯುತ್ತಿತ್ತೇ? ಹಾಗಾದರೆ ನೀವು ಬಾರದಿದ್ದರೆ ಯಾರಾದರೂ ಕೇಳುವಂಥದ್ದನ್ನು ಹಿಡಿಯಿರಿ: ವಾರಕ್ಕೆರಡು ದಿನ ಯಾವುದೋ ಮಗುವಿಗೆ ಪಾಠ, ಹಾಡಿನ ಗುಂಪು. ಪ್ರಾಣಿಗಳ ಆಶ್ರಯತಾಣದಲ್ಲಿ ಸೇವೆಗೆ ತಕ್ಷಣ ಧಾವಿಸುವುದನ್ನು ನಾನು ಬೇಡವೆನ್ನುತ್ತೇನೆ. ಒಂದೆರಡು ತಿಂಗಳು ಕಳೆಯಲಿ. ಅಲ್ಲಿಯ ನೂರು ಕಣ್ಣುಗಳ ಮುಂದೆ ನಿಲ್ಲಲು ಕಾಲಿಗೆ ಬಲ ಬೇಕು.

ಪ್ರವಾಸವಾದರೆ ಮೊದಲನೆಯದು ಒಂದೇ ರಾತ್ರಿಯದಿರಲಿ. ಕಷ್ಟ ಇರುವುದು ಮರಳುವುದರಲ್ಲಿ. ಹಗಲು ಹೊತ್ತಿನಲ್ಲಿ ಬನ್ನಿ, ಸಾಧ್ಯವಾದರೆ ಮನೆಯಲ್ಲಿ ಮೊದಲೇ ಯಾರಾದರೂ ಇರುವಂತೆ ನೋಡಿಕೊಳ್ಳಿ.

ನಡುವೆ ನಗು ಬಂದರೆ ತಡೆಯಬೇಡಿ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ ಎಂಬ ಸಂಶೋಧಕರು 1999ರಲ್ಲಿ ಮಂಡಿಸಿದ ವಿವರಣೆ ನನಗೆ ಸರಿಯೆನಿಸಿದೆ: ಕಳೆದುಕೊಂಡವರು ಒಮ್ಮೆ ದುಃಖದ ಕಡೆಗೆ, ಒಮ್ಮೆ ಬದುಕಿನ ಕೆಲಸಗಳ ಕಡೆಗೆ ತೂಗುಯ್ಯಾಲೆಯಂತೆ ಹೋಗಿ ಬರುತ್ತಿರುತ್ತಾರೆ, ಚೇತರಿಕೆ ನಡೆಯುವುದು ಆ ಓಡಾಟದಲ್ಲೇ. ಸಿನಿಮಾ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಮನೆಗೆ ಬಂದು ಅತ್ತರೆ ಎರಡೂ ನಿಜವೇ.

ಹೆಜ್ಜೆ 10: ಯಾವಾಗ ಹೊರಗಿನ ಸಹಾಯ ಬೇಕು

ವಾರಗಳು ಕಳೆದರೂ ಊಟ, ನಿದ್ದೆ, ಕೆಲಸ ಯಾವುದೂ ಹಳಿಗೆ ಬಾರದಿದ್ದರೆ, ಕುಡಿತ ಹೆಚ್ಚುತ್ತಿದ್ದರೆ, ಹಿಂದೆಂದೋ ಅಳದೆ ನುಂಗಿಕೊಂಡ ಬೇರೊಂದು ಸಾವು ಈಗ ಮೇಲೆದ್ದು ಬಂದಿದ್ದರೆ, ಆಪ್ತಸಮಾಲೋಚಕರನ್ನು ಕಾಣಿ. ಒಂಟಿಯಾಗಿರುವವರು, ವಯಸ್ಸಾದವರು ತಡಮಾಡಬಾರದು. ಅವರಿಗೆ ದಿನವಿಡೀ ಇದ್ದ ಮಾತು ಅದೊಂದೇ ಆಗಿರುತ್ತದೆ. ಬದುಕುವುದೇ ಬೇಡವೆಂಬ ಯೋಚನೆ ಬಂದರೆ ಕಾಯುವ ಮಾತೇ ಇಲ್ಲ, ಅದೇ ಗಳಿಗೆಯಲ್ಲಿ ಹತ್ತಿರದವರಿಗೆ, ವೈದ್ಯರಿಗೆ ಅಥವಾ ಸಹಾಯವಾಣಿಗೆ ಹೇಳಿ.

ನಾಯಿ ಸತ್ತದ್ದಲ್ಲ, ಕಳೆದುಹೋದದ್ದು ಎಂಬವರ ಪಾಡು ಬೇರೆ. ಅಳುವುದಕ್ಕೂ ಧೈರ್ಯವಿಲ್ಲ, ಅತ್ತರೆ ಕೈಬಿಟ್ಟಂತೆ. ಹುಡುಕಾಟಕ್ಕೆ ದಿನದ ಒಂದು ಹೊತ್ತನ್ನು ಮೀಸಲಿಟ್ಟು ಉಳಿದ ಹೊತ್ತು ಊಟ ನಿದ್ದೆ ಮಾಡಿ. ಹುಡುಕುವವರೂ ನೆಟ್ಟಗಿರಬೇಕಲ್ಲ.

ಹೆಜ್ಜೆ 11: ಮತ್ತೊಂದು ನಾಯಿ

ಎಷ್ಟು ತಿಂಗಳಾದ ಮೇಲೆ ಎಂಬುದಕ್ಕೆ ಲೆಕ್ಕವಿಲ್ಲ. ನಾನು ಬಳಸಿದ ಒರೆಗಲ್ಲು ಒಂದೇ: ಹೊಸ ನಾಯಿ ಹಳೆಯದರ ಹಾಗೆ ಇಲ್ಲದಿದ್ದರೆ ಸಿಟ್ಟು ಬರುತ್ತದೆಯೇ? ಬರುವುದಾದರೆ ಇನ್ನೂ ಬೇಡ. ಅದೇ ಬಣ್ಣ, ಅದೇ ತಳಿ, ಅದೇ ಹೆಸರು ಹುಡುಕುತ್ತಿದ್ದರೂ ಇನ್ನೂ ಬೇಡ. ಅಚ್ಚರಿಯಾಗಲೆಂದು ಯಾರೋ ಮರಿ ತಂದುಕೊಡುವ ಅಪಾಯವಿದ್ದರೆ ಮುಂಚೆಯೇ ಗಟ್ಟಿಯಾಗಿ ಬೇಡವೆನ್ನಿ. ಮನೆಯ ಎಲ್ಲರೂ ಒಪ್ಪಬೇಕು, ಮಕ್ಕಳೂ ಸೇರಿ.

ಹಿಂದಿನದು ಪಾರ್ವೊ ರೋಗದಿಂದ ಹೋಗಿದ್ದರೆ ಅವಸರ ಮಾಡಲೇಬಾರದು. ಆ ವೈರಸ್ ಮಣ್ಣಿನಲ್ಲಿ, ನೆಲದ ಬಿರುಕಿನಲ್ಲಿ ತಿಂಗಳುಗಟ್ಟಲೆ, ಅನುಕೂಲವಾದರೆ ವರ್ಷಕ್ಕೂ ಮೇಲೆ ಬದುಕುತ್ತದೆ. ನೆಲ ಒರೆಸುವ ಸಾಮಾನ್ಯ ದ್ರಾವಣಗಳಿಗೆ ಅದು ಜಗ್ಗುವುದಿಲ್ಲ, ನೀರು ಬೆರೆಸಿದ ಬ್ಲೀಚ್ ಬೇಕು. ಹೊಸ ಮರಿಗೆ ಲಸಿಕೆಯ ಸರಣಿ 16 ವಾರದ ಅಥವಾ ಅದಕ್ಕೂ ಮೇಲಿನ ವಯಸ್ಸಿನ ಚುಚ್ಚುಮದ್ದಿನವರೆಗೆ ಪೂರ್ತಿ ಮುಗಿದ ಮೇಲೆ ಮನೆಗೆ ತರುವುದು, ಇಲ್ಲವೇ ಲಸಿಕೆಯಾದ ದೊಡ್ಡ ನಾಯಿಯನ್ನೇ ತರುವುದು ವಾಸಿ.

ಗುಂಡನಿಗೆ ಗುಡುಗೆಂದರೆ ಪ್ರಾಣಭಯ. ಮೊದಲ ಸಿಡಿಲಿಗೇ ಮಂಚದ ಕೆಳಗೆ ತೂರುತ್ತಿದ್ದ, ನಾನು ನೆಲದ ಮೇಲೆ ಅಡ್ಡಾಗಿ ಕೈ ಒಳಗೆ ಚಾಚಿ ಅವನ ಬೆನ್ನ ಮೇಲಿಟ್ಟುಕೊಂಡಿರುತ್ತಿದ್ದೆ, ಮಳೆ ನಿಲ್ಲುವವರೆಗೆ. ಈಗ ಮನೆಯಲ್ಲಿರುವ ಹೆಣ್ಣುನಾಯಿ ಎಂಥ ಗುಡುಗಿಗೂ ಕಿವಿ ಅಲ್ಲಾಡಿಸುವುದಿಲ್ಲ, ಬಾಗಿಲ ಬಳಿ ಕಾಲು ಚಾಚಿ ಗೊರಕೆ ಹೊಡೆಯುತ್ತಿರುತ್ತಾಳೆ. ಎಚ್ಚರವಾಗುವುದು ನನಗೆ. ಎದ್ದು, ನೆಲದ ಮೇಲೆ ಕುಳಿತು, ಮಂಚದ ಕೆಳಗೊಮ್ಮೆ ನೋಡಿ, ಮತ್ತೆ ಮಲಗುತ್ತೇನೆ.